ಮಜ್ಜಿಗೆ ಹುಲ್ಲಿನ ಟಿಂಕ್ಚರ್: ಕೊಯ್ಲಿನಿಂದ ಶೀಶೆಯವರೆಗೆ

ಧಾರವಾಡ, ಹುಬ್ಬಳ್ಳಿ, ಗದಗದ ಹಿತ್ತಲುಗಳಲ್ಲಿ ಮಜ್ಜಿಗೆ ಹುಲ್ಲು ಹೊಸದೇನಲ್ಲ. ಚಹಾಕ್ಕೆ ಎರಡು ಎಸಳು ಹಾಕುವುದು, ನೆಗಡಿ ಬಂದರೆ ಕಷಾಯ ಕುದಿಸುವುದು ಎಲ್ಲರಿಗೂ ಗೊತ್ತು. ಅದೇ ಹುಲ್ಲನ್ನು ಮದ್ಯಸಾರದಲ್ಲಿ ನೆನೆಸಿ ವರ್ಷವಿಡೀ ಇಟ್ಟುಕೊಳ್ಳುವ ಟಿಂಕ್ಚರ್ ಮಾಡಲು ಹೊರಟವರಲ್ಲಿ ಮಾತ್ರ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ಹುಲ್ಲಿನೊಳಗೆ ಎಷ್ಟು ನೀರಿದೆ ಎಂಬ ಲೆಕ್ಕ ಹಾಕುವುದಿಲ್ಲ. ಪಾತ್ರೆ, ದಿನ, ಸೋಸುವ ಬಟ್ಟೆ ಇವುಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ನೀರಿನ ಲೆಕ್ಕ ತಪ್ಪಿದರೆ ಶೀಶೆಯಲ್ಲಿ ಉಳಿಯುವುದು ಒಣಹುಲ್ಲಿನ ವಾಸನೆಯ ಕಂದು ನೀರು.

ಮೊದಲೇ ಒಂದು ಮಾತು. ಇದು ಮನೆಯ ಸಣ್ಣಪುಟ್ಟ ಬಳಕೆಗೆ, ಅದೂ ವಯಸ್ಕರಿಗೆ ಮಾತ್ರ. ಮನೆಯಲ್ಲಿ ಮದ್ಯದ ಬಾಟಲಿ ತರುವಂತಿಲ್ಲ ಎನ್ನುವ ಕುಟುಂಬಗಳು ನಮ್ಮ ಕಡೆ ಬಹಳ. ಅಂಥವರು ಕಷಾಯವನ್ನೇ ಮುಂದುವರಿಸಿದರೆ ದೊಡ್ಡ ನಷ್ಟವೇನಿಲ್ಲ. ಟಿಂಕ್ಚರಿನ ಲಾಭ ಬಾಳಿಕೆ, ಮತ್ತು ಅಳತೆ ಪ್ರತಿ ಸಲ ಒಂದೇ ಆಗಿರುವುದು. ಕಷಾಯಕ್ಕಿಲ್ಲದ ಯಾವ ಪವಾಡವೂ ಇದರಲ್ಲಿಲ್ಲ.

ಯಾವ ಹುಲ್ಲು

ಹಿತ್ತಲಲ್ಲಿ ಸಾಮಾನ್ಯವಾಗಿ ಸಿಗುವುದು ಸಿಂಬೊಪೊಗಾನ್ ಸಿಟ್ರೇಟಸ್. ಎಣ್ಣೆ ತೆಗೆಯಲು ಹೊಲದಲ್ಲಿ ಬೆಳೆಯುವುದು ಹೆಚ್ಚಾಗಿ ಸಿಂಬೊಪೊಗಾನ್ ಫ್ಲೆಕ್ಸುಯೋಸಸ್. ಕೃಷ್ಣಾ, ಪ್ರಗತಿ, ಕೇರಳದ ಓಡಕ್ಕಾಲಿಯ ಓಡಿ–19 ತಳಿಗಳು ಇದರವು. ಎರಡರ ಪರಿಮಳಕ್ಕೂ ಸಿಟ್ರಾಲ್ ಎಂಬ ಘಟಕವೇ ಮೂಲ. ವ್ಯತ್ಯಾಸ ಇರುವುದು ಮಿರ್ಸೀನ್ ಎಂಬ ಇನ್ನೊಂದು ಘಟಕದಲ್ಲಿ. ಹಿತ್ತಲ ಹುಲ್ಲಿನ ಎಣ್ಣೆಯಲ್ಲಿ ಮಿರ್ಸೀನ್ ಹೆಚ್ಚು. ಇದು ಕಡಿಮೆ ಶಕ್ತಿಯ ಮದ್ಯಸಾರದಲ್ಲಿ ಸರಿಯಾಗಿ ಕರಗುವುದಿಲ್ಲ, ಗಾಳಿ ತಾಗಿದರೆ ಅಂಟಾಗುತ್ತದೆ. ಹೊಲದ ತಳಿಯ ಎಣ್ಣೆ ಶೇ. 70ರ ಮದ್ಯಸಾರದಲ್ಲಿ ಸಲೀಸಾಗಿ ಕರಗುತ್ತದೆ, ಹಿತ್ತಲಿನದು ಅಷ್ಟು ಸಲೀಸಲ್ಲ. ಒಂದೇ ವಿಧಾನದಲ್ಲಿ ಮಾಡಿದರೂ ಒಬ್ಬರದು ತಿಳಿಯಾಗಿ, ಇನ್ನೊಬ್ಬರದು ಮಬ್ಬಾಗಿ ಬರಲು ಇದೂ ಒಂದು ಕಾರಣ. ಮಬ್ಬು ಬಂದದ್ದು ಕೆಟ್ಟದ್ದೇನೂ ಅಲ್ಲ, ಬಳಸುವ ಮುಂಚೆ ಅಲುಗಾಡಿಸಿದರೆ ಸಾಕು.

ಗೊಂದಲ ಆಗುವುದು ಸಿಟ್ರೋನೆಲ್ಲಾ ಹುಲ್ಲಿನ ಜೊತೆ. ನೋಡಲು ಒಂದೇ ಥರ. ಸಿಟ್ರೋನೆಲ್ಲಾದ ಬುಡ ಕೆಂಪು ಛಾಯೆಯದು, ಎಲೆ ತಿಕ್ಕಿದರೆ ಸಾಬೂನಿನ ವಾಸನೆ. ಮಜ್ಜಿಗೆ ಹುಲ್ಲಿನ ಬುಡ ಬಿಳಿ ಹಸಿರು, ತಿಕ್ಕಿದರೆ ನೇರವಾಗಿ ಲಿಂಬೆಹಣ್ಣಿನ ಸಿಪ್ಪೆಯ ವಾಸನೆ. ಗುಲಾಬಿಯ ವಾಸನೆ ಬಂದರೆ ಅದು ಪಾಮರೋಸಾ. ಈ ಎರಡನ್ನೂ ಹೊಟ್ಟೆಗೆ ತೆಗೆದುಕೊಳ್ಳುವ ಟಿಂಕ್ಚರಿಗೆ ಹಾಕಬೇಡಿ. ಅನುಮಾನ ಇದ್ದರೆ ಆ ಪೊದೆಯನ್ನೇ ಬಿಟ್ಟುಬಿಡಿ.

ಕಪ್ಪತಗುಡ್ಡದ ಔಷಧಿ ಗಿಡಗಳ ಹೆಸರು ಕೇಳಿ ಅಲ್ಲಿಂದ ಹುಲ್ಲು ತರುವ ಆಸೆ ಕೆಲವರಿಗೆ. ಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿ ಗಿಡ ಕೀಳುವುದು ಅಪರಾಧ. ಅದರ ಅಗತ್ಯವೂ ಇಲ್ಲ. ಹಿತ್ತಲ ಮಜ್ಜಿಗೆ ಹುಲ್ಲು ಬೀಜದಿಂದಲ್ಲ, ಬುಡದ ಮರಿ ಬಿಡಿಸಿ ನೆಟ್ಟರೆ ಬರುತ್ತದೆ. ಪಕ್ಕದ ಮನೆಯ ಪೊದೆಯಿಂದ ಬೇರು ಸಹಿತ ನಾಲ್ಕು ಮರಿ ಸಿಕ್ಕರೆ ಮೂರು ತಿಂಗಳಿಗೆ ಮೊದಲ ಕೊಯ್ಲು. ಹೊಲದ ಮಟ್ಟದಲ್ಲಿ ಬೆಳೆಯುವವರು ತಳಿಯ ಬಗ್ಗೆ ಗದಗ ಜಿಲ್ಲೆಯ ಹುಲಕೋಟಿ ಅಥವಾ ಹಾವೇರಿ ಜಿಲ್ಲೆಯ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಎರಿ ಭೂಮಿಯಲ್ಲಿ ನೆಡುವುದಾದರೆ ಏರುಮಡಿ ಮಾಡಿ. ನೀರು ನಿಂತರೆ ಬುಡ ಕೊಳೆಯುತ್ತದೆ. ಮಸಾರಿಯಲ್ಲಿ ಆ ತೊಂದರೆ ಕಡಿಮೆ.

ಎರಡು ಜಾಗದ ಹುಲ್ಲು ಬೇಡ. ಒಂದು, ಬಚ್ಚಲ ನೀರಿನಲ್ಲಿ ಬೆಳೆದದ್ದು. ಪೊದೆ ಹುಲುಸಾಗಿರುತ್ತದೆ ನಿಜ, ಆದರೆ ಸಾಬೂನು, ಸೋಡಾ ಎಲ್ಲ ಅದರ ಬುಡದಲ್ಲೇ. ಇನ್ನೊಂದು, ಹತ್ತಿ ಅಥವಾ ಮೆಣಸಿನಕಾಯಿ ಹೊಲದ ಬದುವಿನದು. ಪಕ್ಕದ ಬೆಳೆಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಎಲೆಯ ಮೇಲೆ ಕೂತಿರುತ್ತದೆ. ತೊಳೆದರೂ ಪೂರ್ತಿ ಹೋಗುವುದಿಲ್ಲ, ಮದ್ಯಸಾರ ಅದನ್ನು ನೀರಿಗಿಂತ ಚೆನ್ನಾಗಿ ಎಳೆದುಕೊಳ್ಳುತ್ತದೆ.

ಕೊಯ್ಲು ಮತ್ತು ಒಣಗಿಸುವುದು

ಮಳೆಗಾಲದ ಹುಲ್ಲಿನಲ್ಲಿ ಎಣ್ಣೆ ಕಡಿಮೆ, ನೀರು ಜಾಸ್ತಿ. ಆಷಾಢ–ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧಾರವಾಡದಲ್ಲಿ ಹುಲ್ಲು ಒಣಗುವುದೂ ಇಲ್ಲ, ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ದಸರೆ ಕಳೆದ ಮೇಲೆ ಸಂಕ್ರಾಂತಿಯ ಒಳಗೆ ಕೊಯ್ದರೆ ಸರಿ. ಇಬ್ಬನಿ ಆರಿದ ಮೇಲೆ ಬೆಳಿಗ್ಗೆ ಕುಡಗೋಲಿನಿಂದ ನೆಲಮಟ್ಟಕ್ಕಿಂತ 10ರಿಂದ 15 ಸೆಂ.ಮೀ. ಮೇಲೆ ಕೊಯ್ಯಿರಿ. ಬುಡಕ್ಕೇ ಕೊಯ್ದರೆ ಪೊದೆ ಚೇತರಿಸಿಕೊಳ್ಳುವುದಿಲ್ಲ. ಎಲೆಯ ಅಂಚು ಗರಗಸದ ಹಾಗೆ ಕೈ ಕೊಯ್ಯುತ್ತದೆ, ಉದ್ದ ತೋಳಿನ ಅಂಗಿ ಇರಲಿ.

ಕಂದು ಚುಕ್ಕೆ ಬಿದ್ದ ಎಲೆಗಳನ್ನು ಆರಿಸಿ ಹೊರಗಿಡಿ, ಅದು ತುಕ್ಕುರೋಗ. ಒಣಗಿದ ಹಳದಿ ತುದಿಗಳನ್ನು ಕತ್ತರಿಸಿ. ಪರಿಮಳದ ಎಣ್ಣೆ ಹೆಚ್ಚಾಗಿರುವುದು ಹಸಿರು ಎಲೆಯಲ್ಲಿ. ಅಡುಗೆಗೆ ಬಳಸುವ ಬಿಳಿ ದಂಟೇ ಬೇಕು ಅಂದುಕೊಂಡು ಎಲೆ ಎಸೆಯುವುದು ದಂಡ. ಒಂದೇ ಸಲ ತೊಳೆದು, ಬಟ್ಟೆಯಿಂದ ಒರೆಸಿ, ನೀರು ಪೂರ್ತಿ ಆರಲು ಬಿಡಿ.

ಆಮೇಲೆ ತೂಕ ಮಾಡಿ ಬರೆದಿಟ್ಟುಕೊಳ್ಳಿ. 200 ಗ್ರಾಂ ಹಸಿ ಹುಲ್ಲಿದೆ ಅನ್ನೋಣ. ನೆರಳಿನಲ್ಲಿ ಹೊರಸಿನ ಮೇಲೆ ತೆಳು ಬಟ್ಟೆ ಹಾಸಿ ಒಂದೇ ಪದರಾಗಿ ಹರಡಿ. ಹೊರಸಿಗೆ ಕೆಳಗಿನಿಂದಲೂ ಗಾಳಿ ಆಡುತ್ತದೆ, ನೆಲದ ಮೇಲಿನ ಚಾಪೆಗೆ ಅದಿಲ್ಲ. ಬಿಸಿಲಿಗೆ ಹಾಕಬೇಡಿ, ಪರಿಮಳ ಬಿಸಿಲಿಗೇ ಹೋಗುತ್ತದೆ. ದಿನಕ್ಕೆ ಎರಡು ಸಲ ಮಗುಚಿ. ಚಳಿಗಾಲದ ಒಣ ಗಾಳಿಗೆ ಮೂರರಿಂದ ಐದು ದಿನ ಸಾಕು. ಹಾವೇರಿ, ಬ್ಯಾಡಗಿ ಕಡೆಯವರಿಗೆ ಒಂದು ಎಚ್ಚರಿಕೆ: ಮೆಣಸಿನಕಾಯಿ ಒಣಗಿಸುವ ಕಣದ ಹತ್ತಿರ ಹುಲ್ಲು ಹರವಬೇಡಿ. ಘಾಟು ಧೂಳಾಗಿ ಬಂದು ಕೂತರೆ ಆ ಟಿಂಕ್ಚರ್ ಬಾಯಿಗೂ ಬೇಡ, ಚರ್ಮಕ್ಕೂ ಬೇಡ.

ಒಣಗಿದ್ದು ಸಾಕೋ ಇಲ್ಲವೋ ಅಂತ ನೋಡಲು ಎಲೆಯನ್ನಲ್ಲ, ಬುಡದ ದಪ್ಪ ಭಾಗವನ್ನು ಬಗ್ಗಿಸಿ. ಪಟ್ ಎಂದು ಮುರಿಯಬೇಕು. ಬಾಗಿದರೆ ಇನ್ನೂ ನೀರಿದೆ. ತಕ್ಕಡಿಯೂ ಹೇಳುತ್ತದೆ: 200 ಗ್ರಾಂ ಹುಲ್ಲು 50–55 ಗ್ರಾಮಿಗೆ ಇಳಿದಿರಬೇಕು. 80ರಲ್ಲೇ ನಿಂತಿದ್ದರೆ ಇನ್ನೂ ಒಂದು ದಿನ ಬಿಡಿ.

ನೀರಿನ ಲೆಕ್ಕ

ಈ ಭಾಗವನ್ನು ದಾಟಿ ಹೋಗಬೇಡಿ. ಪರವಾನಗಿ ಅಂಗಡಿಯಲ್ಲಿ ಸಿಗುವ ವೋಡ್ಕಾದ ಲೇಬಲ್ ಮೇಲೆ ಶೇ. 42.8 ಅಂತ ಇರುತ್ತದೆ. ಅಂದರೆ 100 ಮಿ.ಲೀ.ನಲ್ಲಿ 42.8 ಮಿ.ಲೀ. ಮದ್ಯಸಾರ, ಉಳಿದದ್ದು ಹೆಚ್ಚೂಕಡಿಮೆ ನೀರು.

ಹಾಫ್ ಬಾಟಲಿ, ಅಂದರೆ 375 ಮಿ.ಲೀ., ತೆಗೆದುಕೊಂಡರೆ ಅದರಲ್ಲಿ ಮದ್ಯಸಾರ 160 ಮಿ.ಲೀ. ಇದಕ್ಕೆ 200 ಗ್ರಾಂ ಹಸಿ ಹುಲ್ಲು ತುಂಬಿದಿರಿ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ, ಸುಮಾರು 150 ಮಿ.ಲೀ. ಈಗ ಜಾರಿನಲ್ಲಿರುವ ದ್ರವ 525 ಮಿ.ಲೀ., ಮದ್ಯಸಾರ ಅದೇ 160. ಶಕ್ತಿ ಶೇ. 30ಕ್ಕೆ ಇಳಿಯಿತು. ಇನ್ನೂ ಒತ್ತಿ 300 ಗ್ರಾಂ ತುರುಕಿದರೆ ಶೇ. 27. ಪರಿಮಳದ ಎಣ್ಣೆಯ ಒಂದಷ್ಟು ಭಾಗ ಕರಗದೆ ಮೇಲೆ ತೇಲುತ್ತದೆ, ಎಲೆಯ ಲೋಳೆ ಮಾತ್ರ ಚೆನ್ನಾಗಿ ಇಳಿದುಬರುತ್ತದೆ, ಕಲಕು ಬರುತ್ತದೆ. ಶೇ. 25ಕ್ಕಿಂತ ಕೆಳಗೆ ಇಳಿದರೆ ಕೆಡದೆ ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ.

ಅದೇ 375 ಮಿ.ಲೀ.ಗೆ 50 ಗ್ರಾಂ ಒಣ ಹುಲ್ಲು ಹಾಕಿದರೆ ಅದರಲ್ಲಿ ಉಳಿದ ನೀರು ಐದು ಮಿ.ಲೀ. ಮಾತ್ರ. ಶಕ್ತಿ ಶೇ. 42ರಲ್ಲೇ ನಿಲ್ಲುತ್ತದೆ. ಎರಡು ಕಡೆಯೂ ಹುಲ್ಲು ಅಷ್ಟೇ, ಏಕೆಂದರೆ 200 ಗ್ರಾಂ ಹಸಿ ಒಣಗಿದರೆ ಆಗುವುದು 50 ಗ್ರಾಂ. ಬದಲಾದದ್ದು ನೀರು.

ಹಸಿ ಹುಲ್ಲಿನ ಟಿಂಕ್ಚರೇ ಶ್ರೇಷ್ಠ ಎಂದು ಅನೇಕ ಕಡೆ ಹೇಳುತ್ತಾರೆ. ಆ ಮಾತು ಶೇ. 95ರ ಮದ್ಯಸಾರ ಕೈಯಲ್ಲಿರುವವರಿಗೆ ಸರಿ. ಅವರು 375 ಮಿ.ಲೀ.ಗೆ 200 ಗ್ರಾಂ ಹಸಿ ಹುಲ್ಲು ಹಾಕಿದರೂ ಶೇ. 68 ಉಳಿಯುತ್ತದೆ. ಕರ್ನಾಟಕದಲ್ಲಿ ಅಂಥ ಮದ್ಯಸಾರ ಪರವಾನಗಿ ಇರುವವರಿಗೆ ಮಾತ್ರ ಸಿಗುವುದು. ವೋಡ್ಕಾದಲ್ಲಿ ಮಾಡುವವರಿಗೆ ಒಣ ಹುಲ್ಲೇ ದಾರಿ.

ಪರವಾನಗಿ ಇರುವವರಿಗೆ ಒಂದು ಸಾಲು: ಶೇ. 95ರಿಂದ ಶೇ. 60 ಮಾಡಲು 632 ಮಿ.ಲೀ. ಅಳೆದು, ಆಮೇಲೆ ನೀರು ಸೇರಿಸಿ ಒಂದು ಲೀಟರ್ ಗೆರೆಗೆ ತನ್ನಿ. 368 ಮಿ.ಲೀ. ನೀರನ್ನು ಬೇರೆ ಅಳೆದು ಸುರಿದರೆ ಲೀಟರ್ ತುಂಬುವುದಿಲ್ಲ. ಮದ್ಯಸಾರ, ನೀರು ಕೂಡಿದಾಗ ಒಟ್ಟು ಗಾತ್ರ ಕುಗ್ಗುತ್ತದೆ.

ಯಾವ ಮದ್ಯಸಾರ ಬೇಡವೇ ಬೇಡ

ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್, ಪಾಲಿಶ್ ಮಾಡುವವರು ಬಳಸುವ ಸ್ಪಿರಿಟ್, ಸ್ಯಾನಿಟೈಸರ್ ಇವು ಯಾವುವೂ ಹೊಟ್ಟೆಗೆ ಹೋಗುವ ವಸ್ತುಗಳಲ್ಲ. ಕುಡಿಯಬಾರದು ಎಂದೇ ಅವುಗಳಲ್ಲಿ ವಿಷ ಬೆರೆಸಿರುತ್ತಾರೆ, ಅಥವಾ ಅವು ಬೇರೆಯದೇ ಜಾತಿಯ ಆಲ್ಕೋಹಾಲ್. ಅಂಥ ಒಂದು ವಿಷ ಮೆಥನಾಲ್, ಅದು ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಹುಲ್ಲು ನೆನೆಸಿದರೆ, ಸೋಸಿದರೆ, ಕುದಿಸಿದರೆ ಆ ವಿಷ ಹೋಗುವುದಿಲ್ಲ. ಕಳ್ಳಬಟ್ಟಿಗೂ ಇದೇ ಮಾತು. ರಾಜ್ಯದಲ್ಲಿ ಸಾರಾಯಿ 2007ರಲ್ಲೇ ನಿಷೇಧವಾಗಿದೆ, ಕದ್ದು ಬರುವುದರಲ್ಲಿ ಏನಿದೆ ಎಂದು ಹೇಳುವವರಿಲ್ಲ.

ರಮ್, ಬ್ರ್ಯಾಂಡಿ, ವಿಸ್ಕಿಯಲ್ಲಿ ಬಣ್ಣ ಮತ್ತು ತಮ್ಮದೇ ವಾಸನೆ ಇರುವುದರಿಂದ ಹುಲ್ಲಿನ ಪರಿಮಳ ಕೆಟ್ಟಿತೋ ಇಲ್ಲವೋ ತಿಳಿಯುವುದಿಲ್ಲ. ಬಣ್ಣ, ರುಚಿ ಬೆರೆಸದ ಸಾದಾ ವೋಡ್ಕಾ ಸಾಕು, ದುಬಾರಿಯದು ಬೇಡ. ಲೇಬಲ್ ಮೇಲೆ 42.8 ಇದೆಯೇ ನೋಡಿ ತನ್ನಿ.

ನೆನೆಸುವುದು

ಬೇಕಾದವು: ಒಣ ಹುಲ್ಲು 50 ಗ್ರಾಂ, ವೋಡ್ಕಾ 375 ಮಿ.ಲೀ., ಅರ್ಧ ಲೀಟರಿಗಿಂತ ತುಸು ದೊಡ್ಡ ಗಾಜಿನ ಜಾರು, ಕತ್ತರಿ, ಮಲ್‌ಮಲ್ ಬಟ್ಟೆ, ಕಾಫಿ ಸೋಸುವ ಕಾಗದ, ಕಂದು ಬಣ್ಣದ ಸಣ್ಣ ಶೀಶೆಗಳು.

ಜಾರು ಗಾಜಿನದೇ ಆಗಬೇಕು. ಸಿಟ್ರಾಲ್ ಪ್ಲಾಸ್ಟಿಕ್ಕಿಗೆ ಇಳಿಯುತ್ತದೆ, ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೂ ಮಾಡುತ್ತದೆ. ತಾಮ್ರ, ಕಬ್ಬಿಣದ ಪಾತ್ರೆಯೂ ಬೇಡ, ಲೋಹ ತಾಗಿದರೆ ಪರಿಮಳ ಬೇಗ ಕೆಡುತ್ತದೆ. ಜಾರಿಗೆ ತಗಡಿನ ಮುಚ್ಚಳ ಇದ್ದರೆ ನಡುವೆ ಬೆಣ್ಣೆ ಕಾಗದದ ತುಂಡು ಇಡಿ, ಇಲ್ಲದಿದ್ದರೆ ವಾರದಲ್ಲಿ ಮುಚ್ಚಳದ ತುಕ್ಕು ಒಳಗೆ ಬೀಳುತ್ತದೆ. ಜಾರನ್ನು ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ತಳದಲ್ಲಿ ಉಳಿದ ನೀರೂ ಲೆಕ್ಕಕ್ಕೆ ಬರುತ್ತದೆ.

ಹುಲ್ಲನ್ನು ಉದ್ದಕ್ಕೆ ಸೀಳಬೇಡಿ, ಅಡ್ಡಕ್ಕೆ ಕತ್ತರಿಸಿ. ಮಜ್ಜಿಗೆ ಹುಲ್ಲಿನ ಎಣ್ಣೆ ತುಳಸಿಯ ಹಾಗೆ ಎಲೆಯ ಮೇಲಿನ ರೋಮಗಳಲ್ಲಿ ಇರುವುದಿಲ್ಲ, ಎಲೆಯ ಒಳಗಿನ ಕೋಶಗಳಲ್ಲಿ ಇರುತ್ತದೆ. ಅರ್ಧ ಸೆಂ.ಮೀ. ತುಂಡುಗಳಾದರೆ ಹೆಚ್ಚು ಕೋಶ ಒಡೆಯುತ್ತವೆ. ಕತ್ತರಿಸಿದ ಮೇಲೆ ಮಿಕ್ಸಿಯಲ್ಲಿ ಎರಡೇ ಎರಡು ಸಲ ತಿರುಗಿಸಿ ತರಿತರಿ ಮಾಡಿ. ನಯವಾದ ಪುಡಿ ಮಾಡಿದರೆ ಸೋಸುವಾಗ ತಲೆನೋವು, ಮಿಕ್ಸಿಯ ಬಿಸಿಗೆ ಪರಿಮಳವೂ ಹೋಗುತ್ತದೆ. ಕತ್ತರಿಸಿದ್ದನ್ನು ನಾಳೆಗೆ ಇಡಬೇಡಿ, ಆಗಲೇ ಜಾರಿಗೆ.

ಹುಲ್ಲು ಹಾಕಿ, ವೋಡ್ಕಾ ಸುರಿದು, ಮರದ ಚಮಚದಿಂದ ಒತ್ತಿ. ಗಾಳಿಗುಳ್ಳೆಗಳು ಮೇಲೆ ಬರುತ್ತವೆ. ಒಂದು ಗಂಟೆಯಲ್ಲಿ ಹುಲ್ಲು ದ್ರವ ಹೀರಿ ಉಬ್ಬುತ್ತದೆ, ಮಟ್ಟ ಕೆಳಗಿಳಿಯುತ್ತದೆ. ಹುಲ್ಲು ಹೊರಗೆ ಕಂಡರೆ ಮುಳುಗುವಷ್ಟು ವೋಡ್ಕಾ ಸೇರಿಸಿ, ಎಷ್ಟು ಸೇರಿಸಿದಿರಿ ಎಂದು ಬರೆದುಕೊಳ್ಳಿ. ಇಲ್ಲಿ ನೀರು ಸೇರಿಸುವ ಮೋಹ ಬೇಡ. ಲಿಂಬೆರಸವೂ ಬೇಡ: ಹುಳಿ ಬಿದ್ದರೆ ಸಿಟ್ರಾಲ್ ಒಡೆದು ಬೇರೆ ಘಟಕಗಳಾಗುತ್ತದೆ, ಲಿಂಬೆಯ ವಾಸನೆ ಹೋಗಿ ಟರ್ಪೆಂಟೈನಿನ ಹತ್ತಿರದ ವಾಸನೆ ಬರುತ್ತದೆ. ಜಾರಿನ ಮೇಲ್ಭಾಗದಲ್ಲಿ ಎರಡು ಬೆರಳಿಗಿಂತ ಹೆಚ್ಚು ಖಾಲಿ ಜಾಗ ಬಿಡಬೇಡಿ.

ಮುಚ್ಚಳ ಬಿಗಿದು ಕಾಗದ ಸುತ್ತಿ ಕತ್ತಲಲ್ಲಿಡಿ. ಗದಗದ ಬೇಸಿಗೆಯಲ್ಲಿ ತಗಡಿನ ಮಾಡಿನ ಮನೆಯ ಅಟ್ಟ ಇದಕ್ಕೆ ಅತಿ ಕೆಟ್ಟ ಜಾಗ. ಮಣ್ಣಿನ ಮಾಳಿಗೆಯ ಮನೆ ಇದ್ದವರಿಗೆ ಒಳಕೋಣೆಯ ಮೂಲೆ ಸಾಕು. ದಿನಕ್ಕೆ ಎರಡು ಸಲ ಅಲುಗಾಡಿಸಿ. ಹದಿನಾಲ್ಕು ದಿನ. ಪರಿಮಳದ ಬಹುಪಾಲು ಮೊದಲ ವಾರದಲ್ಲೇ ಇಳಿದಿರುತ್ತದೆ. ತಿಂಗಳು ಮೀರಿ ಬಿಟ್ಟರೆ ಒಗರು ಮತ್ತು ಒಣಹುಲ್ಲಿನ ರುಚಿ ಮಾತ್ರ ಜಾಸ್ತಿಯಾಗುತ್ತದೆ.

ಇನ್ನೂ ಗಾಢವಾದದ್ದು ಬೇಕಾದವರು ಹುಲ್ಲನ್ನು ಒಂದೇ ಸಲ ಹೆಚ್ಚಿಸಬಾರದು. 50 ಗ್ರಾಂ ನೆನೆಸಿ ಸೋಸಿ, ಬಂದ ದ್ರವದಲ್ಲಿ ಮತ್ತೆ ಹೊಸ ಒಣ ಹುಲ್ಲು 35 ಗ್ರಾಂ ಹಾಕಿ ಒಂದು ವಾರ ಬಿಡಬೇಕು. ಪ್ರಮಾಣ ಕಡಿಮೆಯಾಗುತ್ತದೆ, ಗಾಢತೆ ಸಿಗುತ್ತದೆ.

ಹಿಂಡುವುದು, ಸೋಸುವುದು

ಗ್ಯಾಸ್ ಒಲೆ, ದೀಪ, ಊದಿನಕಡ್ಡಿ ಇಲ್ಲದ ಕೋಣೆಯಲ್ಲಿ ಈ ಕೆಲಸ. ಶೇ. 42ರ ಮದ್ಯಸಾರದ ಆವಿಗೆ ನಮ್ಮ ಸಾಮಾನ್ಯ ಹಗಲಿನ ಬಿಸಿಯಲ್ಲೇ ಬೆಂಕಿ ಹತ್ತಬಲ್ಲದು.

ಎರಡು ಮಡಿಕೆಯ ಮಲ್‌ಮಲ್ ಬಟ್ಟೆಗೆ ಸುರಿದು, ತಿರುಚಿ ಹಿಂಡಿ. 375ರಲ್ಲಿ ಕೈಗೆ ಸಿಗುವುದು 280ರಿಂದ 300 ಮಿ.ಲೀ., ಉಳಿದದ್ದು ಹುಲ್ಲಿನಲ್ಲೇ. ಸಿಕ್ಕಿದ್ದನ್ನು ಮುಚ್ಚಿ ಎರಡು ದಿನ ಅಲುಗಿಸದೆ ಇಡಿ. ತಳದಲ್ಲಿ ಹಸಿರು ಮಡ್ಡಿ ಕೂರುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿ ಕಾಗದದ ಮೂಲಕ ಸೋಸಿ. ಈ ಎರಡು ದಿನ ಬಿಡದೆ ನೇರ ಕಾಗದಕ್ಕೆ ಸುರಿದರೆ ಹತ್ತೇ ನಿಮಿಷದಲ್ಲಿ ಕಾಗದ ಕಟ್ಟಿಕೊಳ್ಳುತ್ತದೆ, ಮದ್ಯಸಾರ ಆರುತ್ತಾ ಹೋಗುತ್ತದೆ. ಕಾಗದ ಇಲ್ಲದಿದ್ದರೆ ತೊಳೆದ ಬಿಳಿ ಹತ್ತಿಯ ಉಂಡೆಯನ್ನು ಲಾಳಿಕೆಯ ಕೊರಳಲ್ಲಿ ಇಟ್ಟರೂ ನಡೆಯುತ್ತದೆ.

ಶೀಶೆಯನ್ನು ಕೊರಳವರೆಗೆ ತುಂಬಿ. ದೊಡ್ಡ ಒಂದಕ್ಕಿಂತ ಸಣ್ಣ ಮೂರು ಒಳ್ಳೆಯದು. ಅರ್ಧ ಖಾಲಿಯಾದ ಶೀಶೆಯಲ್ಲಿ ಗಾಳಿಯೇ ಸಿಟ್ರಾಲನ್ನು ತಿನ್ನುತ್ತದೆ. ಮೇಲೆ ಬರೆಯಬೇಕಾದದ್ದು: ಮಜ್ಜಿಗೆ ಹುಲ್ಲು, ಒಣ ಎಲೆ, 50 ಗ್ರಾಂಗೆ 375 ಮಿ.ಲೀ., ಶೇ. 42, ಸೋಸಿದ ತಾರೀಖು, ಮತ್ತು ದೊಡ್ಡ ಅಕ್ಷರದಲ್ಲಿ ‘ಇದರಲ್ಲಿ ಮದ್ಯಸಾರ ಇದೆ’. ಕಂದು ಶೀಶೆ ನೋಡಲು ಕೆಮ್ಮಿನ ಔಷಧಿಯ ಹಾಗೇ ಇರುತ್ತದೆ, ಮಕ್ಕಳ ಕೈಗೆ ಎಟುಕಬಾರದು. ಒಂದು ವರ್ಷದೊಳಗೆ ಬಳಸಿ. ಆಮೇಲೆ ಕೊಳೆಯುವುದಿಲ್ಲ, ಆದರೆ ಪರಿಮಳ ಹೋಗಿರುತ್ತದೆ.

ಎಲ್ಲಿ ಉಪಯೋಗ, ಎಷ್ಟು

ಒಳಗೆ ತೆಗೆದುಕೊಳ್ಳುವುದಕ್ಕೆ ಹುಲ್ಲಿನ ಹಳೆಯ ಬಳಕೆ ಹೊಟ್ಟೆ ಉಬ್ಬರ, ಊಟದ ನಂತರದ ಭಾರಕ್ಕೆ. 1ರಿಂದ 2 ಮಿ.ಲೀ. ಟಿಂಕ್ಚರ್ ಅರ್ಧ ಗಿಲಾಸು ಉಗುರುಬೆಚ್ಚಗಿನ ನೀರಿನಲ್ಲಿ, ದಿನಕ್ಕೆ ಹೆಚ್ಚೆಂದರೆ ಎರಡು ಸಲ, ಎರಡು ಮೂರು ದಿನ. 2 ಮಿ.ಲೀ.ನಲ್ಲಿ ಮದ್ಯಸಾರ ಸುಮಾರು 0.66 ಗ್ರಾಂ. ಹನಿ ಎಣಿಸುವುದಕ್ಕಿಂತ ಸೂಜಿ ಇಲ್ಲದ 2 ಮಿ.ಲೀ. ಸಿರಿಂಜಿನಲ್ಲಿ ಅಳೆಯುವುದು ಖಚಿತ. ಡ್ರಾಪರ್ ಬದಲಾದರೆ ಹನಿಯ ಗಾತ್ರವೂ ಬದಲಾಗುತ್ತದೆ. ನೀರಿಗೆ ಹಾಕದೆ ನೇರ ಬಾಯಿಗೆ ಬೇಡ, ಉರಿಯುತ್ತದೆ. ಬೆರೆಸುವ ನೀರು ಶುದ್ಧ ನೀರಿನ ಘಟಕದ ಕ್ಯಾನಿನದಿರಲಿ, ಬೋರಿನ ಗಡಸು ನೀರಿನಲ್ಲಿ ಬಿಳಿ ಮಡ್ಡಿ ಬರಬಹುದು.

ನಿದ್ದೆ ಬರುತ್ತದೆ, ಮನಸ್ಸು ಶಾಂತವಾಗುತ್ತದೆ ಎಂಬ ಹೇಳಿಕೆ ಎಲ್ಲೆಡೆ ಇದೆ. 1986ರಲ್ಲಿ ಪ್ರಕಟವಾದ ಬ್ರೆಜಿಲಿನ ಪರೀಕ್ಷೆಯಲ್ಲಿ ಈ ಹುಲ್ಲಿನ ಚಹಾ ಕುಡಿಸಿ ನೋಡಿದಾಗ ನಿದ್ದೆಯ ಮೇಲೂ ಆತಂಕದ ಮೇಲೂ ಪರಿಣಾಮ ಕಾಣಲಿಲ್ಲ. ಟಿಂಕ್ಚರ್ ಕುಡಿದು ತೂಕಡಿಕೆ ಬಂದರೆ ಅದಕ್ಕೆ ಹುಲ್ಲಿಗಿಂತ ಮದ್ಯಸಾರವೇ ಕಾರಣ ಎಂದು ತಿಳಿಯುವುದು ಲೇಸು.

ಬಾಯಿ ಮುಕ್ಕಳಿಸಲು 5 ಮಿ.ಲೀ.ಯನ್ನು 100 ಮಿ.ಲೀ. ನೀರಿಗೆ ಹಾಕಿ ಅರ್ಧ ನಿಮಿಷ ಮುಕ್ಕಳಿಸಿ ಉಗುಳಿ. ಸಿಟ್ರಾಲ್ ಬೂಷ್ಟು, ಬ್ಯಾಕ್ಟೀರಿಯಾಗಳ ಬೆಳವಣಿಗೆ ತಡೆಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡ ಸಂಗತಿ. ಬಾಯಿಯ ದುರ್ವಾಸನೆಗೆ ಇದು ಆದೀತು, ಹಲ್ಲಿನ ಹುಳುಕಿಗೆ ಅಲ್ಲ. ಬಾಯಿಹುಣ್ಣು ಇದ್ದರೆ ಮದ್ಯಸಾರ ಹತ್ತಿರ ಸುಳಿಯಬಾರದು.

ತಲೆಹೊಟ್ಟಿನ ವಿಷಯದಲ್ಲಿ ಜನ ಹೆಚ್ಚು ಮೋಸ ಹೋಗುತ್ತಾರೆ. 2015ರಲ್ಲಿ ಥಾಯ್ಲೆಂಡಿನಲ್ಲಿ ಮಜ್ಜಿಗೆ ಹುಲ್ಲಿನ ಎಣ್ಣೆ ಬೆರೆಸಿದ ಕೂದಲಿನ ದ್ರಾವಣವನ್ನು ಪರೀಕ್ಷಿಸಿ, ಎಣ್ಣೆ ಶೇ. 10 ಇದ್ದದ್ದು ಹೊಟ್ಟನ್ನು ಚೆನ್ನಾಗಿ ಕಡಿಮೆ ಮಾಡಿತೆಂದು ಕಂಡರು. ಅದನ್ನು ಓದಿ ಮನೆಯ ಟಿಂಕ್ಚರನ್ನು ತಲೆಗೆ ಸುರಿದುಕೊಂಡರೆ ಅಷ್ಟೇ ಫಲ ಎಲ್ಲಿಂದ ಬರಬೇಕು? 50 ಗ್ರಾಂ ಒಣ ಹುಲ್ಲಿನಲ್ಲಿ ಎಣ್ಣೆ ಶೇ. 1ರಷ್ಟು ಎಂದುಕೊಂಡರೂ ಅರ್ಧ ಗ್ರಾಂ. ಅದು ಪೂರ್ತಿ ಇಳಿದರೂ 375 ಮಿ.ಲೀ.ನಲ್ಲಿ ಶೇ. 0.13. ಪರೀಕ್ಷೆಯದಕ್ಕಿಂತ ಎಪ್ಪತ್ತೈದು ಪಟ್ಟು ತೆಳು. ಹಾಗೆಂದು ಅಂಗಡಿಯ ಎಣ್ಣೆಯನ್ನು ವೋಡ್ಕಾಕ್ಕೆ ಸುರಿದು ಕುಡಿಯಲು ಹೋಗಬೇಡಿ. ಟಿಂಕ್ಚರಿನ ಅಳತೆಯಲ್ಲಿ ಎಣ್ಣೆ ಕುಡಿದರೆ ಬಾಯಿ, ಅನ್ನನಾಳ ಸುಡುತ್ತದೆ.

ಚರ್ಮಕ್ಕೆ ಹಚ್ಚುವುದಾದರೆ ಸಮ ಪ್ರಮಾಣದ ನೀರು ಬೆರೆಸಿ. ಬೆವರಿನ ಪಾದದ ವಾಸನೆ, ದಣಿದ ಮೀನಖಂಡಕ್ಕೆ ತಿಕ್ಕಲು ಇದು ಹಿತ. ಸಿಟ್ರಾಲ್ ಕೆಲವರಿಗೆ ಅಲರ್ಜಿ ತರುತ್ತದೆ, ಹಾಗಾಗಿ ಮುಂಗೈ ಒಳಭಾಗದಲ್ಲಿ ಎರಡು ಹನಿ ಹಚ್ಚಿ ಒಂದು ದಿನ ಕಾಯಿರಿ. ಕೆಂಪಾದರೆ, ತುರಿಸಿದರೆ ಆ ದಾರಿ ಬಿಡಿ. ಗಾಯ, ಕ್ಷೌರ ಮಾಡಿದ ಜಾಗ, ಕಣ್ಣಿನ ಸುತ್ತ ಬೇಡ. ಸೊಳ್ಳೆಗೂ ಹಚ್ಚಬಹುದು, ಆದರೆ ಪರಿಮಳ ಇರುವಷ್ಟು ಹೊತ್ತು ಮಾತ್ರ, ಅದು ಬಹಳ ಹೊತ್ತಲ್ಲ. ಸೊಳ್ಳೆಪರದೆಗೆ ಇದು ಬದಲಿ ಅಲ್ಲ.

ಜ್ವರಕ್ಕೆ ಕೊಡಬೇಡಿ. ಮಳೆಗಾಲದ ಜ್ವರ ಡೆಂಗಿ ಇರಬಹುದು. ಡೆಂಗಿಯಲ್ಲಿ ಯಕೃತ್ತು ಮೊದಲೇ ಸೋತಿರುತ್ತದೆ, ಅದರ ಮೇಲೆ ಮದ್ಯಸಾರ ಹಾಕುವುದು ಅಪಾಯ. ರಕ್ತ ಪರೀಕ್ಷೆ ಮೊದಲು. ಗರ್ಭಿಣಿಯರು, ಬಾಣಂತಿಯರು, ಮಕ್ಕಳು, ಯಕೃತ್ತಿನ ತೊಂದರೆ ಇರುವವರು, ಕುಡಿತ ಬಿಟ್ಟವರು ಒಳಗೆ ತೆಗೆದುಕೊಳ್ಳಬಾರದು. ಕುಡಿತ ಬಿಟ್ಟವರಿಗೆ ಒಂದು ಚಮಚದ ವಾಸನೆಯೂ ಹಳೆಯ ದಾರಿಗೆ ಎಳೆಯಬಹುದು, ಅಂಥವರಿರುವ ಮನೆಯಲ್ಲಿ ಶೀಶೆಯೇ ಬೇಡ. ಮೆಟ್ರೊನಿಡಜೋಲ್, ಟಿನಿಡಜೋಲ್ ಮಾತ್ರೆ ನಡೆಯುತ್ತಿದ್ದರೆ ವಾಂತಿ, ಎದೆಬಡಿತ ಬರಬಹುದು. ಭೇದಿಗೆ ಈ ಮಾತ್ರೆಗಳನ್ನು ನುಂಗಿ, ಹೊಟ್ಟೆಗೆ ಹಿತ ಅಂತ ಟಿಂಕ್ಚರನ್ನೂ ಕುಡಿಯುವ ಸಂದರ್ಭ ಸುಲಭವಾಗಿ ಬರುತ್ತದೆ. ನಿದ್ದೆ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಲಾವಂಚ ಬೇಕೆನ್ನುವವರಿಗೆ

ಇದೂ ಪರಿಮಳದ ಹುಲ್ಲೇ, ಆದರೆ ಬಳಸುವುದು ಬೇರು. ಬೇರಿನ ಎಣ್ಣೆ ಭಾರ, ನಿಧಾನ ಇಳಿಯುತ್ತದೆ. 375 ಮಿ.ಲೀ.ಗೆ 30 ಗ್ರಾಂ ಒಣ ಬೇರು, ನಾಲ್ಕು ವಾರ. ಮಣ್ಣು ಹೋಗುವವರೆಗೆ ಮೂರು ನಾಲ್ಕು ನೀರಿನಲ್ಲಿ ತೊಳೆದು ಒಣಗಿಸಿ ಕತ್ತರಿಸಬೇಕು, ಇಲ್ಲದಿದ್ದರೆ ಮಣ್ಣಿನ ವಾಸನೆಯೇ ಮುಂದು. ಲಾವಂಚದಿಂದ ಮಾಡುವ ಆಯುರ್ವೇದದ ಉಶೀರಾಸವದ ದಾರಿ ಬೇರೆ: ಅಲ್ಲಿ ಮದ್ಯಸಾರ ಹೊರಗಿನಿಂದ ಹಾಕುವುದಿಲ್ಲ, ಹುದುಗಿ ತಾನೇ ಹುಟ್ಟುತ್ತದೆ. ಅದನ್ನು ಸಿದ್ಧವಾಗಿ ಕೊಂಡು ವೈದ್ಯರು ಹೇಳಿದಷ್ಟು ತೆಗೆದುಕೊಳ್ಳುವುದೇ ಮೇಲು.

ಏನು ಕೆಟ್ಟಿತು, ಯಾಕೆ

ಮೊದಲ ವಾರ ಹಸಿರಾಗಿದ್ದ ದ್ರವ ಆಮೇಲೆ ಹಳದಿ ಕಂದು ಆದರೆ ಹೆದರಬೇಡಿ, ಪತ್ರಹರಿತ್ತು ಒಡೆದಿದೆ ಅಷ್ಟೇ. ಬಣ್ಣದ ಜೊತೆ ಲಿಂಬೆಯ ವಾಸನೆಯೂ ಹೋಗಿದ್ದರೆ ಬೆಳಕು ಅಥವಾ ಬಿಸಿ ತಾಗಿದೆ, ಸರಿಪಡಿಸಲು ಬರುವುದಿಲ್ಲ. ಮೇಲೆ ಬಿಳಿ ಪೊರೆ ಕಟ್ಟಿದರೆ, ಮುಚ್ಚಳ ತೆಗೆದಾಗ ಬುಸ್ ಎಂದರೆ ನೀರು ಹೆಚ್ಚಾಗಿ ಹುದುಗಲು ಶುರುವಾಗಿದೆ. ವೋಡ್ಕಾ ಸೇರಿಸಿ ಉಳಿಸಿಕೊಳ್ಳಲು ನೋಡಬೇಡಿ, ಚೆಲ್ಲಿ. ಹುಲ್ಲು ದ್ರವದ ಮೇಲೆ ಎದ್ದು ಕಪ್ಪು ಚುಕ್ಕೆ ಬಂದಿದ್ದರೂ ಹಾಗೇ. ತಳದಲ್ಲಿ ನಯವಾದ ಹಸಿರು ಮಡ್ಡಿ ಮತ್ತೆ ಮತ್ತೆ ಕೂತರೆ ಅದು ಮೇಣ ಮತ್ತು ಪತ್ರಹರಿತ್ತು, ಇನ್ನೊಮ್ಮೆ ಸೋಸಿದರೆ ಆಯಿತು. ವಾಸನೆ ಮೊದಲಿನಿಂದಲೂ ಸಪ್ಪೆ ಇದ್ದರೆ ತಪ್ಪು ಜಾರಿನದಲ್ಲ: ಹುಲ್ಲು ಮಳೆಗಾಲದ್ದು, ಇಲ್ಲ ಬಿಸಿಲಲ್ಲಿ ಒಣಗಿದ್ದು. ಅಂಗಡಿಯಿಂದ ತಂದ ಒಣ ಹುಲ್ಲಾದರೆ ಕೈಯಲ್ಲಿ ತಿಕ್ಕಿ ಮೂಸಿ ಕೊಳ್ಳಿ. ವಾಸನೆ ಬರದ ಹುಲ್ಲಿನಿಂದ ಮದ್ಯಸಾರ ಏನನ್ನು ಎಳೆದೀತು?

ಅಕ್ಕಪಕ್ಕದವರು ಕೇಳಿದರೆ ಮಾರಬೇಡಿ. ಔಷಧ ತಯಾರಿಸಿ ಮಾರಲು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ ಪರವಾನಗಿ ಬೇಕು, ಮದ್ಯಸಾರ ಇರುವುದರಿಂದ 1965ರ ಕರ್ನಾಟಕ ಅಬಕಾರಿ ಕಾಯ್ದೆಯೂ ಎದುರಾಗುತ್ತದೆ.

ಹಿಂಡಿ ಉಳಿದ ಹುಲ್ಲಿನಲ್ಲಿ ಇನ್ನೂ ಎಂಬತ್ತು ತೊಂಬತ್ತು ಮಿ.ಲೀ. ದ್ರವ ಇರುತ್ತದೆ. ಅದನ್ನು ದನಕ್ಕೆ ಹಾಕಬೇಡಿ, ಒಲೆಗೂ ಎಸೆಯಬೇಡಿ, ಭಗ್ ಎಂದು ಹತ್ತುತ್ತದೆ. ಬಯಲಲ್ಲಿ ಹರವಿ ಒಂದು ದಿನ ಆರಲು ಬಿಟ್ಟು, ಆಮೇಲೆ ತಿಪ್ಪೆಗೆ ಹಾಕಿ.